ಫೈಲುಗಳ ಹಣೆಬರಹ ಬರೆದವರು

ಮಾತಾಡುತ್ತಿರುವವರನ್ನು ಅರ್ಧದಲ್ಲೇ ತಡೆದು ‘ಯಾರು? ಯಾವಾಗ? ಯಾರು ಹೇಳಿದ್ದು?’ ಎಂದು ಕೇಳದಿದ್ದರೆ ಅವರಿಗೆ ತಿಂದ ಅನ್ನ ಅರಗುತ್ತಿರಲಿಲ್ಲ. ಸಾವಿನ ಸುದ್ದಿಗೂ ಈ ನಿಯಮದಿಂದ ವಿನಾಯಿತಿಯಿರಲಿಲ್ಲ. ಒಮ್ಮೆ ಅವರ ಮನೆಗೆ ‘ಸೋದರಮಾವ ಹೋಗ್ಬಿಟ್ರಂತೆ’ ಎಂದು ಫೋನು ಬಂತು. ತಾಯಿ ಎದೆ ಬಡಿದುಕೊಂಡು ಅಳತೊಡಗಿದರು, ನೆರೆಯವರು ಬಾಗಿಲಿಗೆ ಬಂದು ನಿಂತರು. ಇವರೊಬ್ಬರು ಮಾತ್ರ ಫೋನು ಕಿತ್ತುಕೊಂಡು ‘ಹೋಗ್ಬಿಟ್ರು ಅಂದ್ರೆ ಎಲ್ಲಿಗೆ? ಯಾವಾಗ? ಯಾರು ನೋಡಿದ್ದು?’ ಎಂದು ವಿಚಾರಣೆಗೆ ತೊಡಗಿದರು. ಮಾವ ಮಗಳ ಮೇಲೆ ಮುನಿಸಿಕೊಂಡು ತಮ್ಮೂರಿನ ಬಸ್ಸು ಹತ್ತಿದ್ದರು, ಅಷ್ಟೇ. ಅಳು ನಿಂತಿತು, ಆದರೆ ಇವರಿಗೊಂದು ಒಳ್ಳೆಯ ಮಾತು ಸಿಗಲಿಲ್ಲ. ‘ಕೇಳೋದಕ್ಕೂ ಒಂದು ಹೊತ್ತುಗೊತ್ತು ಇರುತ್ತೆ ಕಣೋ’ ಎಂದು ತಾಯಿ ಕಣ್ಣೊರೆಸಿಕೊಳ್ಳುತ್ತಲೇ ಗದರಿದರಂತೆ. ಈ ಪ್ರಸಂಗವನ್ನು ನಗುನಗುತ್ತಾ ನನಗೆ ಹೇಳಿದವರು ಅವರ ತಂಗಿ. ಅಣ್ಣತಂಗಿಯರ ನಡುವೆ ಇನ್ನೂ ಮಾತಿದ್ದ ಕಾಲವದು.

ನಾನು ಒಂದು ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿಗಳ ವರದಿಗಳ ಭಾಷೆ ತಿದ್ದುವ ಕೆಲಸಕ್ಕಿದ್ದೆ. ಅವರು ಪಕ್ಕದ ಕೋಣೆಯ ಕಂಪ್ಯೂಟರ್ ಎಂಜಿನಿಯರು. ತುಸು ಬಾಗಿದ ಎತ್ತರದ ಆಳು. ನಡುದಾರಿಯನ್ನು ಯಾರೋ ದೊಡ್ಡವರಿಗೆಂದು ಬಿಟ್ಟುಕೊಟ್ಟವರಂತೆ, ಎಡ ಹೆಗಲನ್ನು ಗೋಡೆಗೆ ಸವರಿಕೊಂಡೇ ನಡೆಯುವ ನಡಿಗೆ. ಬೂದುಬಣ್ಣದ ಉಣ್ಣೆಯ ಕೋಟೊಂದು ಚಳಿ ಸೆಕೆಗಳ ಭೇದವಿಲ್ಲದೆ ಮೈಮೇಲಿರುತ್ತಿತ್ತು. ಗೋಡೆಯ ಸುಣ್ಣ ತಾಗಿ ತಾಗಿ ಅದರ ಒಂದು ಹೆಗಲು ಅಕಾಲದಲ್ಲಿ ನರೆತಂತೆ ಬೆಳ್ಳಗಾಗಿತ್ತು. ಯಾವ ಜೇಬಿನಲ್ಲಿ ಯಾವುದಿರಬೇಕೆಂಬುದು ಶಿಲಾಶಾಸನದಷ್ಟೇ ಸ್ಥಿರ: ಕನ್ನಡಕ ಬಲಕ್ಕೆ, ಬೀಗದಕೈ ಎಡಕ್ಕೆ, ಕೆಮ್ಮಿನ ಮಾತ್ರೆ ಒಳಜೇಬಿಗೆ. ಯಾರಾದರೂ ಹಳೆಯ ಫೋಟೋ ತೋರಿಸಿದರೆ ಮುಖಗಳನ್ನು ನೋಡುವ ಮೊದಲು ಅದನ್ನು ತಿರುವಿ ಹಿಂಬದಿ ನೋಡುತ್ತಿದ್ದರು. ಅಲ್ಲಿ ಏನೂ ಬರೆದಿರದಿದ್ದರೆ ಮುಖಗಳ ಮೇಲೂ ಅವರಿಗೆ ನಂಬಿಕೆ ಹುಟ್ಟುತ್ತಿರಲಿಲ್ಲ.

ಹತ್ತಾರು ಆಸ್ಪತ್ರೆಗಳೂ ಪ್ರಯೋಗಾಲಯಗಳೂ ತಮ್ಮ ಕಂಪ್ಯೂಟರುಗಳನ್ನು ಒಂದಕ್ಕೊಂದು ಬೆಸೆದು, ಒಂದೇ ಮಹಾಯಂತ್ರವೆಂಬಂತೆ ದುಡಿಸುವ ವ್ಯವಸ್ಥೆ ನಮ್ಮಲ್ಲಿತ್ತು. ಅದಕ್ಕೆ ಗ್ರಿಡ್ ಎನ್ನುತ್ತಿದ್ದರು. ಶ್ವಾಸಕೋಶದ ಸ್ಕ್ಯಾನ್ ಚಿತ್ರಗಳು ಫೈಲುಗಳಾಗಿ, ಲಕ್ಷೋಪಲಕ್ಷವಾಗಿ, ಅದರೊಳಕ್ಕೆ ಹರಿದು ಬರುತ್ತಿದ್ದವು. ರೋಗಿಯ ಗುರುತು ಬಯಲಾಗಬಾರದೆಂದು ಆಸ್ಪತ್ರೆಯವರು ಚಿತ್ರದೊಳಗಿನ ಹೆಸರು, ದಿನಾಂಕ, ಯಂತ್ರದ ಸಂಖ್ಯೆ ಎಲ್ಲವನ್ನೂ ಅಳಿಸಿಯೇ ಕಳಿಸುತ್ತಿದ್ದರು. ಹಾಗೆ ಬಂದ ಚಿತ್ರ ಯಾವ ಯಂತ್ರ ತೆಗೆದದ್ದು, ಯಾವ ತಿಂಗಳಿನದು, ಅದರ ನಕಲುಗಳು ಯಾವ ಯಾವ ಕಂಪ್ಯೂಟರಿನಲ್ಲಿ ಕೂತಿವೆ ಎಂದು ತಿಳಿಯಲು ಇದ್ದ ಒಂದೇ ದಾರಿ ಇವರು ಕಟ್ಟಿದ ಜಾಲಪುಟ. ಫೈಲು ಸೇರಿಸುವವರು ಅಲ್ಲಿ ಅದರ ವಿವರಗಳನ್ನು ತುಂಬಬೇಕು. ಕೆಂಪು ಚುಕ್ಕೆಯಿಟ್ಟ ಜಾಗಗಳಲ್ಲಿ ಒಂದೇ ಒಂದು ಖಾಲಿ ಉಳಿದರೂ ಪುಟ ಫೈಲನ್ನು ಒಳಗೆ ಬಿಡುತ್ತಿರಲಿಲ್ಲ. ‘ಇದು ಫೈಲಿನ ಹಣೆಬರಹ. ಹಣೆಬರಹ ಇಲ್ದೆ ಯಾವ್ದೂ ಹುಟ್ಟೋ ಹಾಗಿಲ್ಲ’ ಎನ್ನುತ್ತಿದ್ದರು. ಅದರಿಂದಲೇ ಸಂಸ್ಥೆಯೆಲ್ಲ ಅವರನ್ನು ಬ್ರಹ್ಮ ಎಂದು ಕರೆಯಿತು. ಪೂಜೆಯಿಲ್ಲದ ದೇವರೆಂಬ ಕುಹಕವೂ ಆ ಹೆಸರಿನಲ್ಲಿ ಸೇರಿತ್ತು.

ಆ ಪುಟವನ್ನು ಶಪಿಸದವರಿರಲಿಲ್ಲ. ಎಲ್ಲರಿಗಿಂತ ಜೋರಾಗಿ ಶಪಿಸಿದವರು ಅವರ ತಂಗಿಯೇ. ಆಕೆ ನಮ್ಮ ಸಂಸ್ಥೆಯಲ್ಲೇ ಇದ್ದ ಶ್ವಾಸಕೋಶದ ವೈದ್ಯೆ. ಕಲ್ಲಿನ ಧೂಳು ಕುಡಿಯುವ ಕ್ವಾರಿ ಕೆಲಸಗಾರರ ಎದೆಯಲ್ಲಿ ರೋಗ ಕೆಮ್ಮಾಗಿ ಹೊರಬೀಳುವ ಮೊದಲೇ ನೆರಳಾಗಿ ಕಾಣುತ್ತದೆಯೇ, ಕಂಡರೆ ಅವರನ್ನು ಆಗಲೇ ಆ ಕೆಲಸದಿಂದ ಬಿಡಿಸಿ ಉಳಿಸಬಹುದೇ ಎಂಬುದು ಆಕೆಯ ಬಹುವರ್ಷಗಳ ಅನ್ವೇಷಣೆ. ಚಿತ್ರಗಳು ಬೇಗ ಬೇಕು, ರಾಶಿರಾಶಿಯಾಗಿ ಬೇಕು. ಕ್ಯಾಂಟೀನಿನಲ್ಲಿ ನನ್ನೆದುರಿಗೇ ಒಮ್ಮೆ ಸಿಡಿದಿದ್ದರು: ‘ಅಣ್ಣಾ, ನಿನ್ನ ಪುಟ ತೆರೆದ್ರೆ ಪೊಲೀಸ್ ಠಾಣೆಗೆ ಹೋದ ಹಾಗಾಗುತ್ತೆ. ಅಲ್ಲಿ ಜನ ಸಾಯ್ತಿದಾರೆ, ನೀನಿಲ್ಲಿ ಯಂತ್ರದ ಜಾತಕ ಕೇಳ್ತಾ ಕೂತಿದೀಯ.’

ಅವರು ತಟ್ಟೆಯಿಂದ ತಲೆಯೆತ್ತದೆ ‘ಯಾವ ಯಂತ್ರ ಅಂತ ಬರಿಯೋಕೆ ಎಷ್ಟು ಹೊತ್ತು ಬೇಕು ಕಣೇ?’ ಎಂದರು.

ದೂರು ನಿರ್ದೇಶಕರವರೆಗೆ ಹೋಯಿತು. ತಂಗಿಯ ಸಹಿಯೂ ಅದರಲ್ಲಿತ್ತು. ಸಭೆ ಕರೆದ ನಿರ್ದೇಶಕರು ಬಹಳ ಮೃದುವಾಗಿ ಹೇಳಿದರು: ‘ನೋಡಿ, ಬೇರೆ ಕಡೆಯ ಗ್ರಿಡ್‌ಗಳು ನಮಗಿಂತ ಎಷ್ಟೋ ಮುಂದೆ ಹೋಗ್ಬಿಟ್ಟಿವೆ. ನಿಮ್ಮ ಪುಟ ಕಂಡ್ರೆ ಜನ ಓಡಿಹೋಗ್ತಾರೆ. ಆ ಕೆಂಪು ಚುಕ್ಕೆ ತೆಗೀರಿ. ವಿವರ ಆಮೇಲೆ ತುಂಬಿಸಿದ್ರಾಯ್ತು.’

‘ಆಮೇಲೆ ಅಂದ್ರೆ ಯಾವಾಗ ಸರ್? ಯಾರು?’

ಸಭೆ ಗೊಳ್ಳೆಂದು ನಕ್ಕಿತು. ನಕ್ಕವರಲ್ಲಿ ತಂಗಿಯೂ ಇದ್ದರು. ಬೇರೆಯವರು ಕೈಹಾಕಿದರೆ ಇರುವುದೂ ಕೆಟ್ಟೀತೆಂಬ ಭಯಕ್ಕೆ ಅಣ್ಣ ಆ ಚುಕ್ಕೆಗಳನ್ನು ಸ್ವತಃ ಕೂತು ಅಳಿಸಿದರು. ಫೈಲುಗಳು ಕಟ್ಟೆಯೊಡೆದಂತೆ ನುಗ್ಗಿದವು, ನಿರ್ದೇಶಕರ ಭಾಷಣಗಳಲ್ಲಿ ಅಂಕಿಗಳು ಮೆರೆದವು. ವಿವರದ ಜಾಗಗಳಲ್ಲಿ ಮಾತ್ರ ಒಂದು ಗೀಟು, ಒಂದು ಸೊನ್ನೆ, ಇಲ್ಲವೇ ‘ಇತರೆ’.

ವಿಪತ್ತು ಸದ್ದಿಲ್ಲದೆ ಬಂತು. ದೂರದ ಆಸ್ಪತ್ರೆಯೊಂದರ ಸ್ಕ್ಯಾನ್ ಯಂತ್ರ ರಿಪೇರಿಯಾದ ಮೇಲೆ ಆರೋಗ್ಯವಂತರ ಎದೆಯಲ್ಲೂ ನೆರಳು ತೋರಿಸುತ್ತಿತ್ತೆಂಬುದು ತಡವಾಗಿ ಪತ್ತೆಯಾಯಿತು. ಆ ಯಂತ್ರದ ಚಿತ್ರಗಳನ್ನಷ್ಟೇ ಹೆಕ್ಕಿ ತೆಗೆದಿದ್ದರೆ ಮುಗಿಯುತ್ತಿತ್ತು, ಹೆಕ್ಕುವುದು ಹೇಗೆ? ಕಲ್ಲೂ ಅಕ್ಕಿಯೂ ಒಂದೇ ಚೀಲಕ್ಕೆ ಬಿದ್ದಾಗಿತ್ತು. ಗುರುತು ಅಳಿಸಿ ಕಳಿಸಿದ ಆಸ್ಪತ್ರೆಗೂ ತನ್ನ ಚಿತ್ರಗಳು ಯಾವುವೆಂದು ಹೇಳಲಾಗಲಿಲ್ಲ. ಅಚ್ಚಿಗೆ ಹೋಗಿದ್ದ ತಂಗಿಯ ಪ್ರಬಂಧ ವಾಪಸಾಯಿತು. ಅದನ್ನು ನಂಬಿ ಬರಬೇಕಿದ್ದ, ಕ್ವಾರಿ ಕೆಲಸಗಾರರ ಕಡ್ಡಾಯ ತಪಾಸಣೆಯ ಕಾಯಿದೆಯೂ ಅಲ್ಲಿಗೇ ನಿಂತಿತು. ಕ್ವಾರಿ ಮಾಲೀಕರ ವಕೀಲನಿಗೆ ‘ನಿಮ್ಮ ಚಿತ್ರಗಳ ಹುಟ್ಟೇ ನಿಮಗೆ ಗೊತ್ತಿಲ್ಲವಲ್ಲ’ ಎಂಬ ಒಂದು ವಾಕ್ಯ ಸಾಕಾಯಿತು. ಧೂಳು ಕುಡಿಯುವವರು ಕುಡಿಯುತ್ತಲೇ ಉಳಿದರು.

ಹೊಣೆ ಯಾರದೆಂಬ ಪ್ರಶ್ನೆ ಎದ್ದಾಗ ಪುಟ ಯಾರದೋ ಅವರದೇ ಎಂದಾಯಿತು. ವಿಚಾರಣಾ ಸಮಿತಿಯ ಹಿರಿಯರೊಬ್ಬರು ಮರುಕದಿಂದಲೇ ಹೇಳಿದರು: ‘ಅಪಾಯ ಇದೆ ಅಂತ ಗೊತ್ತಿದ್ಮೇಲೆ ನೀವು ಇನ್ನೂ ಗಟ್ಟಿಯಾಗಿ ಹೇಳ್ಬೇಕಿತ್ತು.’ ಅವರು ಎದ್ದು ಬಂದರು. ಹೊರಗೆ, ಕಿಟಕಿಯಿಲ್ಲದ ಆ ಉದ್ದನೆಯ ಓಣಿಯಲ್ಲಿ, ತಂಗಿ ಕಾದು ನಿಂತಿದ್ದರು. ಸಮಾಧಾನ ಹೇಳಲು ಬಂದಿದ್ದಾರೆಂದುಕೊಂಡು, ಜೊತೆಗಿದ್ದ ನಾನು ಹಿಂದೆ ಸರಿದೆ. ಆಕೆಯ ಧ್ವನಿ ಮಾತ್ರ ಸ್ಪಷ್ಟವಾಗಿ ಕೇಳಿಸಿತು: ‘ಅವರ ಮಾತು ಬಿಡು. ನಾನು ನಿನ್ನ ಒಡಹುಟ್ಟಿದವಳು. ಕೆನ್ನೆಗೆರಡು ಬಾರಿಸಿಯಾದ್ರೂ ನನ್ನ ತಡೀಬೇಕಿತ್ತು ನೀನು.’

‘ತಡೆದೆ ಕಣೇ,’ ಎಂದರು ಅವರು. ‘ತಡೆದಿದ್ದಕ್ಕೇ ತಾನೆ ನೀನು ಸಹಿ ಹಾಕಿದ್ದು?’

ಅದು ಅವರಿಬ್ಬರ ಕೊನೆಯ ಮಾತು. ಆಕೆ ಸಂಶೋಧನೆ ಬಿಟ್ಟು ಬರೀ ರೋಗಿಗಳನ್ನು ನೋಡತೊಡಗಿದರು. ಇವರನ್ನು ಅವಧಿಗೆ ಮೊದಲೇ ಮನೆಗೆ ಕಳಿಸಿದರು. ಇಬ್ಬರದೂ ಒಂದೇ ಕಟ್ಟಡದಲ್ಲಿ ಮೇಲೆ ಕೆಳಗೆ ಮನೆ. ಮುದುಕಿ ತಾಯಿ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿಳಿದು ಮಗನ ಜ್ವರದ ಸುದ್ದಿ ಮಗಳಿಗೂ, ಮಗಳು ಕೊಟ್ಟ ಮಾತ್ರೆ ಮಗನಿಗೂ ಮುಟ್ಟಿಸುತ್ತಿದ್ದರು. ಮುಂದೆ ಸಂಸ್ಥೆ ಯಾವುದೋ ಕಂಪನಿಯಿಂದ ಹೊಸ ಪುಟ ಮಾಡಿಸಿತು. ನೋಡಲು ಬಲು ಚೆಂದ. ಕೇಳುವುದು ಒಂದೇ ಒಂದು ವಿಷಯ, ‘ವಿವರ, ಇದ್ದರೆ’. ಅವರ ಮನೆಗೆ ಹೋದಾಗ ನಾನು ಅದನ್ನು ತೋರಿಸಿದೆ. ಬಹಳ ಹೊತ್ತು ನೋಡಿ, ‘ಚೆನ್ನಾಗಿದೆ, ಬೇಗ ತೆರೆಯುತ್ತೆ’ ಎಂದರು. ಅವರ ದನಿಯಲ್ಲಿ ನಾನು ವ್ಯಂಗ್ಯಕ್ಕಾಗಿ ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದರೆ ನನಗಾದರೂ ಸ್ವಲ್ಪ ಹಗುರಾಗುತ್ತಿತ್ತು.

ಇಂಥವರನ್ನು ಆಮೇಲೂ ಅಲ್ಲಲ್ಲಿ ಕಂಡಿದ್ದೇನೆ: ಔಷಧದ ಅಂಗಡಿಯಲ್ಲಿ, ಸೇತುವೆ ಕಟ್ಟುವಲ್ಲಿ, ರೈಲಿನ ಹಳಿಯ ಬದಿಯಲ್ಲಿ. ಇವರು ತಡೆದ ಅನಾಹುತಗಳು ನಡೆಯುವುದೇ ಇಲ್ಲವಾದ್ದರಿಂದ ಅವಕ್ಕೆ ಸಾಕ್ಷಿಯಿಲ್ಲ. ತಡೆಯಲಾಗದೆ ಹೋದ ಒಂದಕ್ಕೆ ಮಾತ್ರ ಊರೆಲ್ಲ ಸಾಕ್ಷಿ. ಇವರ ಮಾತು ನಿಜವೆನಿಸಬೇಕಾದರೆ ಇವರು ಕಾಪಾಡಿಕೊಂಡು ಬಂದದ್ದೇ ಹಾಳಾಗಬೇಕು. ಹೀಗಾಗಿ ಗೆದ್ದ ದಿನವೂ ಇವರ ಪಾಲಿಗೆ ಸೂತಕವೇ. ನಮ್ಮ ಅವಸರವನ್ನು ಕಣ್ಣಾರೆ ಕಂಡ ಆ ಮುಖವನ್ನು ಮತ್ತೊಮ್ಮೆ ನೋಡುವ ಧೈರ್ಯ ನಮಗೆ ಬರುವುದಿಲ್ಲ. ಅದಕ್ಕೇ ಅವರಿಗೆ ಮೊಂಡರೆಂದು ಹೆಸರಿಟ್ಟು, ಒಂದು ಹಾರವನ್ನೂ ಹಾಕದೆ, ಬೇಗಬೇಗ ಬೀಳ್ಕೊಡುತ್ತೇವೆ.