ಗಂಟಕ್ಕನ ಕೈ

ಕಲಾಕೇಂದ್ರದ ಕಾವಲು ಕೆಲಸದಲ್ಲಿ ಕಷ್ಟದ್ದು ನಿಲ್ಲುವುದಲ್ಲ, ಕೈ ಎಲ್ಲಿಡಬೇಕೆಂಬುದು ಎಂದು ಗಂಟಕ್ಕನಿಗೆ ಕೆಲಸಕ್ಕೆ ಸೇರಿದ ಕೂಡಲೇ ತಿಳಿಯಿತು. ಹಿಂದಕ್ಕೆ ಕಟ್ಟಿಕೊಂಡರೆ ಬೆರಳುಗಳು ಒಂದನ್ನೊಂದು ಹಿಸುಕುತ್ತಿದ್ದವು. ಕೋಟಿನ ಜೇಬಿಗಿಟ್ಟರೆ ಒಳಗಿನ ಹೊಲಿಗೆಯನ್ನು ಕೆದಕುತ್ತಿದ್ದವು. ಮ್ಯಾನೇಜರು ಒಂದೆರಡು ದಿನ ನೋಡಿಯೂ ನೋಡದಂತಿದ್ದು, ಕೊನೆಗೆ ಹೇಳಿಯೇಬಿಟ್ಟ.

"ಅಮ್ಮ, ಬರೋರು ಕಲೆ ನೋಡ್ಬೇಕು. ನಿಮ್ಮ ಬೆರಳಿನ ಕುಣಿತ ನೋಡೋಕೆ ಯಾರೂ ಬರಲ್ಲ."

ಆ ಕಟ್ಟಡ ನೂಲಿನ ಗಿರಣಿಯಾಗಿದ್ದಾಗ ಅವಳು ಅಲ್ಲಿ ಸುತ್ತುವ ಖಾತೆಯಲ್ಲಿದ್ದಳು. ಸಣ್ಣ ಉರುಳೆಗಳ ನೂಲು ದೊಡ್ಡ ಉರುಳೆಗೆ ಸುತ್ತಿಕೊಳ್ಳುವಾಗ ಎಳೆ ಹರಿದರೆ, ಎರಡು ತುದಿಗಳನ್ನು ಕೂಡಿಸಿ ಗಂಟು ಹಾಕುವುದು ಅಲ್ಲಿನ ಹೆಂಗಸರ ಕೆಲಸ. ಇವಳು ಹಾಕಿದ ಗಂಟು ಕಣ್ಣಿಗೆ ಕಾಣುತ್ತಿರಲಿಲ್ಲ. ಹೆಸರು ಮರೆತುಹೋಗಿ ಗಂಟಕ್ಕ ಉಳಿದದ್ದು ಹಾಗೆ. ಆ ಖಾತೆಯಲ್ಲೊಂದು ರೂಢಿಯಿತ್ತು. ಹರಿದ ಎಳೆ ಕಂಡರೆ ಅದು ಯಾರ ಯಂತ್ರದ್ದು, ಯಾರ ತಪ್ಪು ಎಂದು ಕೇಳುವಂತಿರಲಿಲ್ಲ. ಕೂಡಿಸಿ ಮುಂದೆ ಹೋಗಬೇಕು. ಮೇಸ್ತ್ರಿಯ ಕಿವಿಗೆ ಬೀಳಬಾರದು, ಆ ಯಂತ್ರದವಳಿಗೂ ಹೇಳಬಾರದು.

ಗಿರಣಿ ಮುಚ್ಚಿ, ಯಂತ್ರಗಳು ಗುಜರಿಗೆ ಹೋಗಿ, ಕಟ್ಟಡ ಪಾರಿವಾಳಗಳ ಪಾಲಾಗಿತ್ತು. ಅದನ್ನು ಕಲಾಕೇಂದ್ರ ಮಾಡುವ ಕೆಲಸ ವಾಸ್ತುಶಿಲ್ಪಿಯಾಗಿದ್ದ ಮಗಳಿಗೆ ಸಿಕ್ಕಿತು. ಮಗಳು ಕಬ್ಬಿಣದ ಕಂಬಗಳನ್ನೂ ಗರಗಸದ ಹಲ್ಲಿನಂಥ ಚಾವಣಿಯನ್ನೂ ಉಳಿಸಿಕೊಂಡಳು. ಎಣ್ಣೆ ಕುಡಿದ ನೆಲವನ್ನು ಉಜ್ಜಿಸಿ, ಗೋಡೆಗೆ ಬಿಳಿ ಬಳಿಸಿದಳು. ಕಾವಲಿಗೆ ಜನ ಬೇಕೆಂದಾಗ ತಾಯಿಯ ಹೆಸರು ಹೇಳಿದವಳೂ ಅವಳೇ. ಕೇಂದ್ರದ ಆಡಳಿತ ಮಂಡಳಿಯವರು ಮುಖ ಸಿಂಡರಿಸಿ, ಮೊದಲ ಪ್ರದರ್ಶನ ಮುಗಿಯುವವರೆಗೆ ನೋಡೋಣ ಎಂದಿದ್ದರು.

"ಮನೇಲಿ ಕೂತ್ಕೊಂಡು ಕಿಟಕಿ ಪರದೆ ನೂಲೆಲ್ಲ ಬಿಚ್ಚಿ ಹಾಕ್ತಿದೀಯ ಅಂತ ಇಲ್ಲಿಗೆ ಕರ್ಕೊಂಡು ಬಂದಿರೋದು," ಎಂದಿದ್ದಳು ಮಗಳು. "ನನ್ನ ಮರ್ಯಾದೆ ನಿನ್ನ ಕೈಲಿದೆ."

"ಕೈ ನಂಬಬೇಡ ಕಣೇ, ಕಾಲು ನಂಬು. ಎಷ್ಟು ಹೊತ್ತು ಬೇಕಾದ್ರೂ ನಿಲ್ತೀನಿ."

ನಗೆಯಾಡಿದರೂ ಒಳಗೆ ಅಳುಕಿತ್ತು. ಈ ಕೆಲಸವೂ ಹೋದರೆ ಮತ್ತೆ ಆ ಪರದೆ, ಆ ಕಿಟಕಿ, ಬೆಳಗಿನಿಂದ ಸಂಜೆಯವರೆಗೆ ಮುಗಿಯದ ಹಗಲು.

ಉದ್ಘಾಟನೆಯ ದಿನ ಬಂತು. ಕಲಾವಿದೆ ದೊಡ್ಡ ಹಾಲಿನಲ್ಲಿ ಕಂಬದಿಂದ ಕಂಬಕ್ಕೆ ಬಿಳಿ ನೂಲಿನ ಎಳೆಗಳನ್ನು ಸಡಿಲವಾಗಿ ಇಳಿಬಿಟ್ಟು ಕಟ್ಟಿದ್ದಳು. ಕೆಲಸಕ್ಕೆ ಬಂದ ಗಂಟಕ್ಕ ನೋಡಿದರೆ, ಹಿಂದಿನ ದಿನ ಇಡಿಯಾಗಿದ್ದ ಎಳೆಗಳು ಅಲ್ಲಲ್ಲಿ ತುಂಡಾಗಿ ಜೋತುಬಿದ್ದಿದ್ದವು. ಎಲೆಕ್ಟ್ರಿಷಿಯನ್ ಆಗಷ್ಟೇ ಏಣಿ ಹೊತ್ತುಕೊಂಡು ಹೊರಗೆ ಹೋಗಿದ್ದ. ಏಣಿ ತಗುಲಿ ಹರಿದಿದೆ ಎಂದುಕೊಂಡಳು. ಪಾಪ, ಈಗ ಅವನಿಗೆ ಬೈಗುಳ.

ಮುಟ್ಟಬಾರದು ಎಂಬ ಫಲಕ ಎದುರಿಗೇ ಇತ್ತು. ಅದು ಬಂದು ಹೋಗುವವರಿಗೆ ಎಂದಿತು ಮನಸ್ಸು. ಅಷ್ಟರಲ್ಲಿ ಕೈ ಒಂದು ಗಂಟು ಹಾಕಿ ಮುಗಿಸಿತ್ತು. ಆಮೇಲೆ ಮನಸ್ಸನ್ನು ಕೇಳುವವರು ಯಾರು? ಕಂಬದಿಂದ ಕಂಬಕ್ಕೆ ನಡೆದಳು. ಹಿಂದೆ ಯಂತ್ರಗಳಿದ್ದ ಕಡೆ, ಅವು ಈಗಲೂ ಇದ್ದಂತೆ, ಬಳಸಿಕೊಂಡೇ ಹೋದಳು. ಎಷ್ಟೋ ದಿನಗಳ ಮೇಲೆ ಬೆರಳುಗಳ ಚಡಪಡಿಕೆ ನಿಂತಿತ್ತು.

ಮಧ್ಯಾಹ್ನ ಹಾಲಿನೊಳಗೆ ಬಂದ ಕಲಾವಿದೆ ಬಾಗಿಲಲ್ಲೇ ನಿಂತುಬಿಟ್ಟಳು.

"ಯಾರು ಬಂದಿದ್ರು ಇಲ್ಲಿ?"

ಮ್ಯಾನೇಜರು, ಮಗಳು ಇಬ್ಬರೂ ಓಡಿಬಂದರು. ಕಲಾವಿದೆಯ ದನಿ ಏರಲಿಲ್ಲ. "ಬೆಳಿಗ್ಗೆ ಬಂದು ಒಂದೊಂದಾಗಿ ನಾನೇ ಕತ್ತರಿಸಿದ್ದು. ಎಲ್ಲೆಲ್ಲಿ ಅಂತ ಒಂದು ತಿಂಗಳು ಯೋಚನೆ ಮಾಡಿದೀನಿ. ಈಗ ನೋಡಿದ್ರೆ ಬಟ್ಟೆ ಒಣಗಿಸೋ ಹಗ್ಗದ ಥರ ಕಾಣ್ತಿದೆ."

"ಒಳಗೆ ಬಂದಿದ್ದು ಎಲೆಕ್ಟ್ರಿಷಿಯನ್ ಒಬ್ಬನೇ," ಎಂದ ಮ್ಯಾನೇಜರು. "ಕರೀರಿ ಅವನನ್ನ. ಹರಿದದ್ದು ಮುಚ್ಚಿಡೋಕೆ ಬೇರೆ ದಾರ ಕಟ್ಟಿರ್ಬೇಕು."

"ನಾನು ದಾರ ಮುಟ್ಟೇ ಇಲ್ಲ ಸಾರ್," ಎಂದ ಅವನು ಬಂದವನೇ. "ಏಣೀನೂ ತಗುಲಿಲ್ಲ."

ಯಾರೂ ಗಂಟಕ್ಕನ ಕಡೆ ನೋಡಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ಕಾಣದ ಗಂಟಿಗೆ ಸಾಕ್ಷಿ ಎಲ್ಲಿಯದು? ಅವಳು ಮಗಳ ಮುಖ ನೋಡಿದಳು. ಮಗಳು ಆಗಲೇ ಅವಳ ಕೈಗಳನ್ನೇ ದಿಟ್ಟಿಸುತ್ತಿದ್ದಳು.

"ನಾನೇ ಕೂಡಿಸಿದ್ದು," ಎಂದಳು ಗಂಟಕ್ಕ. "ಏಣಿ ತಗುಲಿ ಹರಿದಿದೆ ಅಂದ್ಕೊಂಡೆ."

"ಮುಟ್ಟಬಾರದು ಅಂತ ಬೇರೆಯವರಿಗೆ ಹೇಳೋಕೆ ನಿಮ್ಮನ್ನ ಇಟ್ಕೊಂಡಿರೋದು," ಎಂದ ಮ್ಯಾನೇಜರು. "ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತ ಸುಮ್ನೆ ಹೇಳ್ತಾರಾ."

ಕಲಾವಿದೆ ಒಂದು ಎಳೆಯನ್ನು ಬೆಳಕಿಗೆ ಹಿಡಿದು ನೋಡಿದಳು, ಬೆರಳಿನಿಂದ ಸವರಿದಳು. "ಎಲ್ಲಿ ಕೂಡಿಸಿದ್ರಿ?"

"ಬೆರಳಿಗೆ ಗೊತ್ತಾಗುತ್ತೆ."

"ನನ್ನ ಬೆರಳಿಗೆ ಗೊತ್ತಾಗ್ತಿಲ್ಲ. ನನಗೆ ಅದೇ ಜಾಗಗಳೇ ಬೇಕು." ಅವಳು ಕತ್ತರಿ ಚಾಚಿದಳು. "ನೀವೇ ಕತ್ತರಿಸ್ಬೇಕು."

ಗಂಟಕ್ಕ ಕತ್ತರಿ ತೆಗೆದುಕೊಂಡಳು. ಎಡಗೈ ಎಳೆಯುದ್ದಕ್ಕೂ ಸರಿದು ಗಂಟಿನ ಮೇಲೆ ನಿಂತಿತು. ಬಲಗೈ ಕತ್ತರಿಸಿತು. ತುದಿಗಳು ಬಿದ್ದದ್ದೇ ತಡ, ಎಡಗೈ ಅವನ್ನು ಹಿಡಿಯಲು ಹೋಯಿತು. ಅವಳು ಅದನ್ನು ಬೆನ್ನ ಹಿಂದೆ ಸೆಳೆದುಕೊಂಡು ಉಸಿರು ಬಿಟ್ಟಳು. ಎರಡನೆಯದಕ್ಕೂ ಹೀಗೇ ಆಯಿತು, ಮೂರನೆಯದಕ್ಕೂ. ಬರಬರುತ್ತಾ ಸರಾಗವಾಗಬಹುದು ಎಂದುಕೊಂಡಿದ್ದಳು, ಆಗಲಿಲ್ಲ. ಕಲಾವಿದೆ ಹಿಂದೆ ಹಿಂದೆಯೇ ಬಂದು ತುದಿಗಳನ್ನು ತನಗೆ ಬೇಕಾದಂತೆ ಇಳಿಬಿಡುತ್ತಾ ಹೋದಳು.

ಮುಗಿದ ಮೇಲೆ ಮಗಳು ಅವಳನ್ನು ಪಕ್ಕಕ್ಕೆ ಕರೆದಳು.

"ಒಂದೆರಡು ಬಿಟ್ಟಿದ್ರೂ ಅವರಿಗೆ ಗೊತ್ತಾಗ್ತಿರ್ಲಿಲ್ಲ."

"ಬಿಟ್ಟಿಲ್ಲ. ಹಾಗಿರ್ಬೇಕು ಅನ್ನೋದು ಅವಳ ಲೆಕ್ಕ. ನನಗೆ ಅರ್ಥ ಆಗಲ್ಲ, ಆಗ್ಬೇಕಾಗೂ ಇಲ್ಲ." ಗಂಟಕ್ಕ ಕೋಟಿನ ಗುಂಡಿಗೆ ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. "ಮ್ಯಾನೇಜರು ಏನಂದ?"

"ನನ್ನನ್ನೇ ಕೇಳ್ತಿದಾನೆ. ನಿಮ್ಮ ತಾಯಿನ ಏನು ಮಾಡೋಣ ಅಂತ."

"ಈ ಹಾಲಿಗೆ ಮಾತ್ರ ಹಾಕಬೇಡ. ಇವತ್ತು ತಡ್ಕೊಂಡೆ, ನಾಳೆ ತಡ್ಕೊಳ್ಳಲ್ಲ. ನನಗೇ ಗೊತ್ತು."

"ಹಾಗಾದ್ರೆ ಮನೆಗೆ ಹೋಗ್ತೀಯಾ?"

"ಹೊರಬಾಗಿಲಿಗೆ ಹಾಕು."

"ಅಲ್ಲಿ ಬರೀ ನಿಲ್ಲೋದಷ್ಟೇ ಅಮ್ಮ. ಗಾಳಿ, ಬಿಸಿಲು ಬೇರೆ."

"ಬಾಗಿಲು ಇದೆಯಲ್ಲೇ. ತೆಗೆಯೋದು, ಹಾಕೋದು."

ಮಗಳು ತಲೆ ತಗ್ಗಿಸಿದಳು. ನಗುತ್ತಿದ್ದಾಳೋ ಇನ್ನೇನೋ ತಿಳಿಯಲಿಲ್ಲ. ಆಮೇಲೆ ಮ್ಯಾನೇಜರ ಕೋಣೆಗೆ ಹೋದಳು. ಒಳಗೆ ಮಾತು ಏರಿತು, ಇಳಿಯಿತು.

ಸಂಜೆ ಜನ ಬರತೊಡಗಿದಾಗ ಗಂಟಕ್ಕ ಗಿರಣಿಯ ಕಬ್ಬಿಣದ ದೊಡ್ಡ ಬಾಗಿಲಲ್ಲಿದ್ದಳು. ಯಾರಾದರೂ ಮೆಟ್ಟಿಲಿಗೆ ಕಾಲಿಡುವ ಮೊದಲೇ ಹಿಡಿ ಎಳೆದು ತೆಗೆಯುತ್ತಿದ್ದಳು, ಅವರು ದಾಟಿದ ಕೂಡಲೇ ಹಾಕುತ್ತಿದ್ದಳು. ಪ್ರತಿ ಸಲವೂ ಗಾಳಿ ಅವಳನ್ನು ದಾಟಿ ಹಾಲಿನೊಳಕ್ಕೆ ನುಗ್ಗುತ್ತಿತ್ತು. ಒಳಗೆ ಎಳೆಗಳ ತುದಿಗಳು ಅಲ್ಲಾಡುತ್ತಿರುತ್ತವೆ ಎಂದು ಅವಳಿಗೆ ಗೊತ್ತಿತ್ತು. ತಿರುಗಿ ನೋಡದೆ ಮುಂದಿನವರಿಗೆ ಬಾಗಿಲು ತೆಗೆದಳು.