ಎಡಗಡೆಯ ಮುಂದಿನ ಚಕ್ರ

ದಪ್ಪ ಹೊದಿಕೆಯ ಒಂದು ತುದಿ ತಾಯಿಯ ಕೈಯಲ್ಲಿ, ಇನ್ನೊಂದು ತುದಿ ಮಗಳ ಕೈಯಲ್ಲಿ. ಹಿತ್ತಲಿನಲ್ಲಿ ಇಬ್ಬರೂ ಎದುರುಬದುರು ನಿಂತು ಹಿಂಡುತ್ತಿದ್ದರು. ಬಕೆಟ್ಟಿನಲ್ಲಿ ಇನ್ನೂ ಅರ್ಧ ಬಟ್ಟೆ ಬಾಕಿ, ಒಲೆಯ ಮೇಲೆ ಹಾಲು. ಬೆಳಕು ಹರಿದು ಇನ್ನೂ ಸ್ವಲ್ಪ ಹೊತ್ತಷ್ಟೇ ಆಗಿತ್ತು, ತಾಯಿಗೆ ಆಗಲೇ ಸೊಂಟ ಬಿದ್ದುಹೋದಂತಾಗಿತ್ತು.

ಮಗಳನ್ನು ಎಲ್ಲರೂ ಕರೆಯುವುದು ಗುಬ್ಬಿ ಎಂದು. ಒಂದು ಗಳಿಗೆ ಬಾಯಿ ಮುಚ್ಚದ ಹುಡುಗಿ. ಈಚೆಗೆ ಮಾತ್ರ ಏನೋ ಹೇಳಲು ಬಂದು, ನುಂಗಿಕೊಂಡು ಹೋಗುತ್ತಿದ್ದಳು.

"ಅಮ್ಮಾ, ಒಂದು ಕೇಳ್ಲಾ?"

"ಮೊದ್ಲು ಗಟ್ಟಿಯಾಗಿ ತಿರುಚು ತಾಯಿ. ನೀರೆಲ್ಲಾ ನನ್ನ ಕಾಲ ಮೇಲೇ ಬೀಳ್ತಿದೆ."

ಗುಬ್ಬಿ ತಿರುಚಿದಳು. ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಗೇಟಿನಲ್ಲಿ ಹಾರ್ನ್ ಬಡಿದುಕೊಂಡಿತು. ಹೊದಿಕೆ ಬಕೆಟ್ಟಿಗೆ ವಾಪಸ್ಸಾಯಿತು.

ಮನೆಯ ಮುಂಭಾಗವೇ ಗಂಡನ ಗ್ಯಾರೇಜು. ಬಂದಿದ್ದವಳು ಪಕ್ಕದ ಬೀದಿಯ ನರ್ಸಮ್ಮ. ಕಾರಿನಿಂದ ಇಳಿಯುವ ಮೊದಲೇ ಶುರುಮಾಡಿದಳು.

"ಎಲ್ಲಿ ನಿಮ್ಮ ಕಾರ್ ಡಾಕ್ಟ್ರು? ಅದೇ ಎರಡು ದೀಪ ಮತ್ತೆ ಹತ್ಕೊಂಡಿದ್ವು ಕಣ್ರೀ. ನಿಮ್ಮ ಗೇಟ್ ಹತ್ರ ಬರೋಷ್ಟ್ರಲ್ಲಿ ಆರಿಹೋಗಿವೆ! ನಮ್ಮ ವಾರ್ಡಿಗೆ ಬರೋ ಮಕ್ಕಳ ಹಾಗೆ. ಸೂಜಿ ಕಂಡ ತಕ್ಷಣ ಎಲ್ಲಾ ನೋವೂ ಮಾಯ."

ಎಬಿಎಸ್ ದೀಪ ಮತ್ತು ಟ್ರಾಕ್ಷನ್ ದೀಪ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದ ಹಾಗೆ ನೋಡಿಕೊಳ್ಳುವುದು ಎಬಿಎಸ್ ಕೆಲಸ. ಹೊರಡುವಾಗ ಚಕ್ರ ಹಿಡಿತ ತಪ್ಪಿ ನಿಂತಲ್ಲೇ ಸುತ್ತದ ಹಾಗೆ ನೋಡಿಕೊಳ್ಳುವುದು ಇನ್ನೊಂದರದ್ದು. ದೀಪ ಹತ್ತಿತೆಂದರೆ ಎರಡೂ ಕೈಚೆಲ್ಲಿವೆ ಎಂದರ್ಥ. ಮಾಮೂಲು ಬ್ರೇಕು ಹಿಡಿಯುತ್ತದೆ ನಿಜ, ಆದರೆ ಒದ್ದೆ ರಸ್ತೆಯಲ್ಲಿ ಅದನ್ನೇ ನಂಬಿಕೊಂಡು ಕೂರುವ ಹಾಗಿಲ್ಲ.

ಗಂಡ ಒಳಗಿನಿಂದ ಬಂದ. ಕೈ ಒರೆಸಿಕೊಳ್ಳುತ್ತಾ ಸ್ಕ್ಯಾನರಿನ ವೈರನ್ನು ಸ್ಟೇರಿಂಗಿನ ಕೆಳಗೆ ತಡಕಿ ಸಿಕ್ಕಿಸಿದ. ಪರದೆಯನ್ನು ಹೆಂಡತಿಯತ್ತ ಚಾಚಿದ. "ಏನಂತೆ ಓದು. ಕನ್ನಡಕ ಎಲ್ಲೋ ಇಟ್ಬಿಟ್ಟಿದೀನಿ."

"ಹೋದ ಸಲದ್ದೇ. ಎಡಗಡೆ ಮುಂದಿನ ಚಕ್ರ. ಸೆನ್ಸರ್ ಸಿಗ್ನಲ್ ಬಿಟ್ಟು ಬಿಟ್ಟು ಬರ್ತಿದೆ."

"ಸೆನ್ಸರೇ ಹೊಸದು ಹಾಕಿದೀನಲ್ಲ!" ಅವನ ದನಿ ಏರಿತು. "ಧೂಳು ಕೂತಿರ್ಬೇಕು. ಆ ಸಂದೇಶ ಅಳಿಸಿ ಕಳಿಸು."

"ಹೋದ ಸಲನೂ ಅಳಿಸಿ ಕಳಿಸಿದ್ವಿ. ಓಡಿಸಿ ನೋಡದೆ ಗೊತ್ತಾಗಲ್ಲ. ಬನ್ನಿ, ಒಂದು ಸುತ್ತು ಹೋಗೋಣ."

"ನೀನೇ ಹೋಗು. ನಂಗೆ ಆ ಶಾಲೆ ವ್ಯಾನಿನ ಬ್ರೇಕ್ ಬಿಚ್ಚೋದಿದೆ. ಇವತ್ತಿಗೆ ರಜೆ ಮುಗೀತು, ನಾಳೆ ಬೆಳಿಗ್ಗೆನೇ ಅದು ಮಕ್ಕಳನ್ನ ತುಂಬ್ಕೊಂಡು ಹೋಗ್ಬೇಕು."

ಹಳದಿ ವ್ಯಾನು ಮೂಲೆಯಲ್ಲಿ ನಿಂತಿತ್ತು. ಗುಬ್ಬಿ ದಿನಾ ಹೋಗುವ ವ್ಯಾನು. ಅವಳು ಅದನ್ನೊಮ್ಮೆ ನೋಡಿದಳು, ಅಪ್ಪನನ್ನೊಮ್ಮೆ ನೋಡಿದಳು, ಬಂದು ಕಾರಿನ ಹಿಂದಿನ ಸೀಟಿನಲ್ಲಿ ಕೂತಳು.

ತಾಯಿ ಹಾಲಿನ ಒಲೆ ಆರಿಸಿ, ಒದ್ದೆ ಸೆರಗನ್ನು ಹಾಗೇ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ಮದುವೆಯಾದಂದಿನಿಂದ ಸ್ಪ್ಯಾನರು ಎತ್ತಿಕೊಟ್ಟು ಕೊಟ್ಟು ಕಲಿತ ವಿದ್ಯೆ ಅವಳದು. ಈಚೆಗೆ ಎತ್ತಿಕೊಡುವುದು ಕಡಿಮೆಯಾಗಿ, ಅರ್ಧ ಕೆಲಸ ಅವಳ ಮೇಲೇ ಬಿದ್ದಿತ್ತು. ಯಾಕೆಂದು ಕೂತು ಯೋಚಿಸಲು ಪುರುಸೊತ್ತೆಲ್ಲಿ?

ನರ್ಸಮ್ಮ ಓಡಿಸಿದಳು. ತಾಯಿ ಪಕ್ಕದಲ್ಲಿ ಸ್ಕ್ಯಾನರನ್ನು ತೊಡೆಯ ಮೇಲಿಟ್ಟುಕೊಂಡಳು. ಪರದೆಯಲ್ಲಿ ನಾಲ್ಕು ಚಕ್ರಗಳ ನಾಲ್ಕು ವೇಗ, ಒಂದೇ ಮನೆಯ ಮಕ್ಕಳ ಹಾಗೆ ಜೊತೆಜೊತೆಗೆ ಏರುತ್ತಿದ್ದವು, ಇಳಿಯುತ್ತಿದ್ದವು. ಹಂಪು ಹಾರಿದರು, ಗುಂಡಿಗೆ ಇಳಿಸಿದರು, ಬೇಕೆಂದೇ ಜೋರಾಗಿ ಬ್ರೇಕ್ ಒತ್ತಿದರು. ಏನೂ ಇಲ್ಲ.

"ಹೀಗೇನೇ ನೋಡಿ. ನಾನು ಸುಳ್ಳು ಹೇಳ್ತಿದೀನಿ ಅನ್ಸುತ್ತೆ," ಎಂದಳು ನರ್ಸಮ್ಮ.

ಆಸ್ಪತ್ರೆ ಬಂತು. ನೆಲಮಾಳಿಗೆಯ ಪಾರ್ಕಿಂಗಿಗೆ ಇಳಿಯುವ ಇಕ್ಕಟ್ಟಿನ ದಾರಿ. ನರ್ಸಮ್ಮ ಸ್ಟೇರಿಂಗನ್ನು ಬಲಕ್ಕೆ ಪೂರ್ತಿ ತಿರುಗಿಸಿದಳು. ಮೂರು ಅಂಕಿಗಳು ಹಾಗೇ ಇದ್ದವು. ನಾಲ್ಕನೆಯದು, ಎಡಗಡೆಯ ಮುಂದಿನದು, ದೊಪ್ಪನೆ ಸೊನ್ನೆಗೆ ಬಿತ್ತು. ಮರುಕ್ಷಣವೇ ಎರಡೂ ದೀಪ ಹತ್ತಿಕೊಂಡವು.

"ಸಿಕ್ತು!" ಎಂದಳು ತಾಯಿ. "ನೀವು ದಿನಾ ಇಲ್ಲಿ ತಿರುಗಿಸ್ತೀರಿ, ದೀಪ ಹತ್ತುತ್ತೆ. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡ್ತೀರಿ, ನೇರ ರಸ್ತೇಲಿ ನಮ್ಮನೆಗೆ ಬರೋಷ್ಟ್ರಲ್ಲಿ ಆರಿರುತ್ತೆ. ಪೂರ್ತಿ ತಿರುಗಿದಾಗ ಎಲ್ಲೋ ವೈರ್ ಎಳೀತಿದೆ."

"ನಮ್ಮ ದೊಡ್ಡ ಡಾಕ್ಟ್ರಿಗೂ ನಿಮ್ಮನ್ನ ತೋರಿಸ್ಬೇಕು," ಎಂದು ನಕ್ಕು, ನರ್ಸಮ್ಮ ಬೀಗದ ಕೈ ಅವಳಿಗೆ ಕೊಟ್ಟಳು. "ನನ್ನ ಡ್ಯೂಟಿ ಮುಗಿಯೋ ಹೊತ್ತಿಗೆ ತಂದುಕೊಡಿ."

ವಾಪಸ್ಸು ಬರುವಾಗ ಗುಬ್ಬಿ ಮುಂದಿನ ಸೀಟಿಗೆ ಬಂದಳು.

"ಅಮ್ಮಾ, ಅಪ್ಪ ಇವತ್ತು ವ್ಯಾನ್ ರಿಪೇರಿ ಮಾಡ್ಲೇಬೇಕಾ?"

"ಮಾಡ್ದೆ ಇದ್ರೆ ನಾಳೆ ನೀವೆಲ್ಲಾ ನಡ್ಕೊಂಡು ಹೋಗ್ತೀರಾ?"

"ನಡ್ಕೊಂಡೇ ಹೋಗ್ತೀನಿ," ಎಂದಳು ಗುಬ್ಬಿ. ಏನೋ ಇನ್ನೂ ಹೇಳುವವಳಿದ್ದಳು. ಎದುರಿಗೆ ಲಾರಿ ಬಂತು. ತಾಯಿ "ಇರು ಕಂದಾ" ಎಂದಳು. ಆಮೇಲೆ ಅವಳಿಗೆ ಕೇಳಲು ಮರೆತುಹೋಯಿತು.

ಗ್ಯಾರೇಜಿನಲ್ಲಿ ಜಾಕ್ ಏರಿಸಿ, ಸ್ಟೇರಿಂಗ್ ಬಲಕ್ಕೆ ತಿರುಗಿಸಿಟ್ಟು, ಅವಳು ಎಡ ಚಕ್ರದ ಹಿಂದೆ ನುಸುಳಿದಳು. ಗುಬ್ಬಿ ಟಾರ್ಚ್ ಹಿಡಿದಳು. ತಾಯಿ ಸೆನ್ಸರಿನಿಂದ ಹೊರಟ ಸಣ್ಣ ಕಪ್ಪು ವೈರನ್ನು ಬೆರಳಲ್ಲಿ ಹಿಡಿದು ಮೇಲೆ ಮೇಲೆ ಹೋದಳು. ಶಾಕ್ ಅಬ್ಸಾರ್ಬರಿನ ಮೇಲೆ ಅಕ್ಕಪಕ್ಕ ಎರಡು ಕ್ಲಿಪ್ಪುಗಳಿದ್ದವು. ವೈರಿನ ಕ್ಲಿಪ್ಪು ಖಾಲಿ. ವೈರು ಹೋಗಿ ಬ್ರೇಕ್ ಪೈಪಿನ ಕ್ಲಿಪ್ಪಿನಲ್ಲಿ, ಪೈಪಿನ ಜೊತೆಗೇ ಒತ್ತಿ ಕೂತಿತ್ತು. ಅದರಿಂದ ಮೇಲೆ ಉದ್ದ ಸಾಲದೆ ಬಿಗಿದು, ಟಯರಿಗೆ ಉಜ್ಜಿ ಉಜ್ಜಿ ತಾಮ್ರ ಇಣುಕುತ್ತಿತ್ತು.

ಹೋದ ತಿಂಗಳು ಆ ಶಾಕ್ ಅಬ್ಸಾರ್ಬರನ್ನೂ ಸೆನ್ಸರನ್ನೂ ಬದಲಿಸಿದ್ದು ಅವಳ ಗಂಡ. ಬೇರೆ ಯಾರೂ ಮುಟ್ಟಿರಲಿಲ್ಲ.

ಟಕ್ ಎನ್ನುವ ಸದ್ದು ಕೇಳದೆ ವೈರ್ ಬಿಡಬಾರದು ಎನ್ನುವುದು ಅವನ ಪಾಠ. ಅದನ್ನು ಅವಳಿಗೂ ಕಲಿಸಿದ್ದ, ಗುಬ್ಬಿಗೂ ಕಲಿಸಿದ್ದ. ಅವತ್ತೂ ಟಕ್ ಎಂದಿರಬೇಕು, ಪಕ್ಕದ ಕ್ಲಿಪ್ಪು. ಕಿವಿಯನ್ನು ನಂಬಿ ಕೈಬಿಟ್ಟಿದ್ದಾನೆ. ನೋಡಿದ್ದರೆ ಯಾರಿಗೂ ತಪ್ಪುತ್ತಿರಲಿಲ್ಲ. ನೋಡಿಲ್ಲ.

ಅವಳು ಅಲ್ಲೇ, ತಣ್ಣನೆಯ ಸಿಮೆಂಟಿನ ಮೇಲೆ ಮಲಗಿಯೇ ಇದ್ದಳು. ಅವನು ಲೋಟದ ಹೊರಗೆ ಸುರಿದ ಚಹಾ ನೆನಪಾಯಿತು. ಗ್ಯಾರೇಜಿಗೆ ಹೊಸದಾಗಿ ತೂಗುಹಾಕಿದ ದೊಡ್ಡ ಬಲ್ಬು. ಎಂದೂ ಕಳೆಯದ ಕನ್ನಡಕ ಈಗ ದಿನಾ ಕಳೆಯುತ್ತಿದ್ದುದು. ಎಲ್ಲವನ್ನೂ ಕಂಡಿದ್ದಳು, ದಣಿವಿನಲ್ಲಿ ಪಕ್ಕಕ್ಕಿಟ್ಟಿದ್ದಳು, ಹಿಂಡದೆ ಉಳಿದ ಬಟ್ಟೆಯ ಹಾಗೆ.

"ಏನು ಸಿಕ್ತು?" ಗಂಡ ಬಂದು ನಿಂತ.

ಅವಳು ಹೊರಗೆ ಸರಿದು ಬಂದಳು. "ವೈರ್ ಉಜ್ಜಿಹೋಗಿದೆ."

"ಇಲಿ ಕಡಿದಿರುತ್ತೆ."

ಇಲಿಯಲ್ಲ ಎನ್ನಬೇಕಿತ್ತು. ಗಂಡನ ಮುಖ ನೋಡಿದಳು. ಅವನು ಅವಳ ಕಿವಿಯ ಪಕ್ಕದಲ್ಲೆಲ್ಲೋ ನೋಡುತ್ತಾ ಕಾಯುತ್ತಿದ್ದ. ಇವತ್ತು ಇದನ್ನು ಎತ್ತಿದರೆ ಈ ಮನೆಯಲ್ಲಿ ಏನೆಲ್ಲ ಬಿಚ್ಚಬೇಕಾಗುತ್ತದೋ. ನಾಳೆ ನೋಡೋಣ ಎಂದಿತು ಮೈಯ ಒಂದೊಂದು ಎಲುಬೂ.

"ಇರ್ಬಹುದು," ಎಂದಳು.

"ಸರಿ, ನೀನು ಬಟ್ಟೆ ನೋಡ್ಕೋ ಹೋಗು. ಒಂದು ತುಂಡು ವೈರ್ ಜೋಡಿಸೋದು ತಾನೇ, ನಾನ್ ಮಾಡ್ತೀನಿ. ಆಮೇಲೆ ವ್ಯಾನ್ ಹಿಡೀತೀನಿ." ಅವನು ಚಕ್ರದ ಹಿಂದೆ ನುಸುಳಿದ. "ಗುಬ್ಬೀ, ಟಾರ್ಚ್ ಹಿಡಿ."

ಟಾರ್ಚು ಮಿಣಮಿಣ ಎಂದು ಆರಿಹೋಗಿತ್ತು. ಗುಬ್ಬಿ ಅದರ ತಲೆಗೆ ಎರಡು ಬಾರಿ ತಟ್ಟಿದಳು. ಹತ್ತಲಿಲ್ಲ. ಆದರೂ ಹೇಳಿದ ಹಾಗೆ ಹಿಡಿದಳು.

"ಇನ್ನೂ ಸ್ವಲ್ಪ ಎಡಕ್ಕೆ. ಹ್ಞಾ, ಹಾಗೇ ಇರು. ಈಗ ಬೆಳಕು ಸರಿಯಾಗಿ ಬೀಳ್ತಿದೆ."

ಹೊರಟಿದ್ದ ತಾಯಿಯ ಕಾಲು ನಿಂತಿತು. ಮಗಳು ತಲೆ ಎತ್ತಿ ಅವಳನ್ನೇ ನೋಡಿದಳು. ಆ ನೋಟದಲ್ಲಿ ಅಚ್ಚರಿ ಇರಲಿಲ್ಲ. ಎಷ್ಟೋ ದಿನಗಳಿಂದ ಒಬ್ಬಳೇ ಹೊತ್ತುಕೊಂಡ ಭಾರವಿತ್ತು. ಬೆಳಿಗ್ಗೆ ಹೊದಿಕೆ ಹಿಂಡುವಾಗ, ಕಾರಿನಲ್ಲಿ, ಅದಕ್ಕೂ ಮುಂಚೆ ಎಷ್ಟು ಸಲವೋ, "ಇರು" ಎಂದು ತಾನೇ ತಡೆದಿದ್ದೆಲ್ಲ ಇದನ್ನೇ.

ಈ ಸಲ ಅವಳು ತಡೆಯಲಿಲ್ಲ. ಮಗಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಮಸಿ ಹಿಡಿದ ಕೈಯನ್ನು ಅವಳ ಬೆನ್ನ ಮೇಲಿಟ್ಟಳು. ಚಕ್ರದ ಹಿಂದೆ ಕ್ಲಿಪ್ಪೊಂದು ಟಕ್ ಎಂದಿತು.

ಗುಬ್ಬಿ ಬಗ್ಗಿದಳು.

"ಅಪ್ಪಾ, ಟಾರ್ಚ್ ಆಗ್ಲೇ ಆರಿಹೋಗಿದೆ. ನಿಂಗೆ ಕಣ್ಣು ಕಾಣಿಸ್ತಿಲ್ವಾ?"