ಒಂದು ನಿಮಿಷ, ಯಾರೂ ಅಲುಗಬೇಡಿ

ಟೀವಿಯವರ ಫೋನು ಬಂದಾಗ ಕಿವಿ ಎಂಬ ಅಡ್ಡಹೆಸರಿನ ಹುಡುಗಿ ಸ್ಟೂಲಿನ ಮೇಲೆ ನಿಂತು ಗೋಡೆಗೆ ಮೊಟ್ಟೆಯ ರಟ್ಟಿನ ತಟ್ಟೆಗಳನ್ನು ಅಂಟಿಸುತ್ತಿದ್ದಳು. ಸದ್ದು ಗೋಡೆಗೆ ಬಡಿದು ವಾಪಸು ಬರಬಾರದೆಂದು ಅವಳು ಕಂಡುಕೊಂಡಿದ್ದ ಉಪಾಯ ಅದು. ಸ್ಟೂಲು ಕೆಳಗಿನ ಹೊಲಿಗೆ ಅಂಗಡಿಯಿಂದ ಕೇಳಿ ತಂದದ್ದು. ಫೋನು ಎತ್ತಿಕೊಂಡ ಅವಳ ಭಾವ "ಹೌದು... ಹೌದು... ಹೌದಾ?" ಎಂದು ಒಂದೊಂದು ಹೌದನ್ನೂ ಒಂದೊಂದು ರಾಗದಲ್ಲಿ ಹೇಳಿ, ಫೋನು ಕೆಳಗಿಟ್ಟು, ಬಾಯಿ ಮುಚ್ಚುವುದನ್ನು ಮರೆತು ಕುಳಿತ.

"ಏನಂತೆ? ಯಾರು?" ಅಕ್ಕ ಕೇಳಿದಳು.

"ಟೀವಿಯವರು. ನಮ್ಮ ಚಿತ್ರದ ಬಗ್ಗೆ ಮಾತಾಡಿಸೋಕೆ ನಾಳೆ ಬೆಳಗ್ಗೆ ಇಲ್ಲಿಗೇ ಬರ್ತಾರಂತೆ. ನೇರ ಪ್ರಸಾರ!"

"ಯಾವ ಟೀವಿ?"

"ಎಲ್ಲರೂ ನೋಡೋ ಟೀವಿ ಕಣೇ!"

ಕಿವಿಯ ಕೈಯಲ್ಲಿದ್ದ ಗೋಂದಿನ ಡಬ್ಬಿ ಜಾರಿ ಭಾವನ ಚಪ್ಪಲಿಯೊಳಗೆ ಬಿತ್ತು. ಬೇರೆ ದಿನವಾಗಿದ್ದರೆ ಅವನು ಸಂಜೆಯವರೆಗೆ ಅದನ್ನೇ ಆಡಿಕೊಳ್ಳುತ್ತಿದ್ದ. ಅವತ್ತು ಅದೇ ಚಪ್ಪಲಿಗೆ ಕಾಲು ತೂರಿಸಿಕೊಂಡು ಕೋಣೆಯ ತುಂಬ ಓಡಾಡಿದ. ಹೆಜ್ಜೆ ಎತ್ತಿದಾಗಲೆಲ್ಲ ಪಚಕ್ ಪಚಕ್ ಎಂಬ ಸದ್ದು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

ಸಾಕ್ಷ್ಯಚಿತ್ರ ತೆಗೆಯುವ ಅವರ ಕಂಪನಿಯೆಂದರೆ ಆ ಒಂದು ಕೋಣೆ, ಮತ್ತು ಮೂವರು. ಅಕ್ಕ ನಿರ್ದೇಶಕಿ. ಅವಳ ಗಂಡ ಕ್ಯಾಮೆರಾ. ಅಕ್ಕನ ತಂಗಿ ಧ್ವನಿ ಹಿಡಿಯುವವಳು. ಸದಾ ಹೆಡ್‌ಫೋನು ಹಾಕಿಕೊಂಡು ಎತ್ತಲೋ ಕಿವಿಗೊಟ್ಟು ನಿಂತಿರುತ್ತಿದ್ದುದರಿಂದ ಅವಳಿಗೆ ಕಿವಿ ಎಂಬ ಹೆಸರೇ ಅಂಟಿಬಿಟ್ಟಿತ್ತು. ಅವರ ಹೊಸ ಚಿತ್ರ ಕೆಳಗಿನ ಅಂಗಡಿಯ ಹೆಂಗಸರದ್ದು. ಆ ಅಂಗಡಿಯಲ್ಲಿ ಹೊಸ ಬಟ್ಟೆ ಹೊಲಿಯುವುದಿಲ್ಲ. ಹರಿದದ್ದು, ಬಿಗಿಯಾದದ್ದು, ಸಡಿಲವಾದದ್ದು ಮಾತ್ರ ಅಲ್ಲಿಗೆ ಬರುತ್ತದೆ. ಆರು ಮಿಷನ್ನು, ಆರು ಹೆಂಗಸರು, ನಿಲ್ಲದ ಮಾತು. ಬಂದ ಬಟ್ಟೆ ನೋಡಿಯೇ ಅವರು ಅದನ್ನು ತೊಟ್ಟವರ ಸಂಸಾರ ಬಿಡಿಸಿಡುತ್ತಿದ್ದರು. "ಈ ಪ್ಯಾಂಟಿನವನು ದಿನಾ ಹೆಂಡತಿ ಮುಂದೆ ಮಂಡಿಯೂರ್ತಾನೆ ಕಣ್ರೇ, ಮೊಣಕಾಲಷ್ಟೇ ಸವೆದಿದೆ" ಎಂದು ಒಬ್ಬಳು, "ಹೆಂಡತಿ ಮುಂದೆ ಅಂತ ನಿಂಗ್ಯಾರು ಹೇಳಿದ್ರು?" ಎಂದು ಇನ್ನೊಬ್ಬಳು. ಒಂದು ವರ್ಷ ಅವರ ನಡುವೆ ಕುಳಿತು ತೆಗೆದ ಚಿತ್ರಕ್ಕೆ ಅಕ್ಕ 'ಹೊಲಿಗೆ ಬಿಟ್ಟ ಜಾಗ' ಎಂದು ಹೆಸರಿಟ್ಟಿದ್ದಳು.

ಊರಿನ ಹಳೆಯ ಚಿತ್ರಮಂದಿರದ ಯಜಮಾನರು ಒಂದು ವಾರ ಆಡಿಸಲು ಒಪ್ಪಿದ್ದರು. ಮೊದಲ ದಿನ ಭಾವನ ಗೆಳೆಯರು ಬಂದರು. ಎರಡನೆಯ ದಿನ ನೆರಳಿಗೆಂದು ಬಂದವನೊಬ್ಬ ಕೊನೆಯ ಸಾಲಿನಲ್ಲಿ ಸೊಗಸಾಗಿ ನಿದ್ದೆ ಮಾಡಿದ. ಅವನ ಗೊರಕೆ ಚೆನ್ನಾಗಿತ್ತೆಂದು ಕಿವಿ ಅದನ್ನೂ ಹಿಡಿದಿಟ್ಟುಕೊಂಡಳು. ಮೂರನೆಯ ದಿನ ಯಜಮಾನರು ಅಕ್ಕನನ್ನು ಪಕ್ಕಕ್ಕೆ ಕರೆದರು.

"ನಾಳೆ ಸಂಜೆಯವರೆಗೂ ನೋಡ್ತೀನಮ್ಮ. ಹೀಗೇ ಇದ್ರೆ ಭಾನುವಾರದ ಆಟ ಬೇರೆ ಚಿತ್ರಕ್ಕೆ ಬಿಟ್ಟುಕೊಡ್ಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

ಬೇರೆ ಯಾವ ದಿನ ಹೋದರೂ ಸರಿ, ಭಾನುವಾರ ಹೋಗುವಂತಿರಲಿಲ್ಲ. ಕೆಳಗಿನ ಹೆಂಗಸರಿಗೆ ರಜ ಸಿಗುವುದು ಅವತ್ತೊಂದೇ ದಿನ, ಮತ್ತು ತಮ್ಮ ಚಿತ್ರವನ್ನು ಅವರಿನ್ನೂ ನೋಡಿರಲಿಲ್ಲ. ಅಕ್ಕ ಲ್ಯಾಪ್‌ಟಾಪು ಹಿಡಿದು ಎಷ್ಟು ಸಲ ಕೆಳಗೆ ಹೋದರೂ ಅವರಲ್ಲಿ ಹಿರಿಯಳಾದ ದೊಡ್ಡಮ್ಮ ಬಿಲ್‌ಕುಲ್ ಒಪ್ಪಿರಲಿಲ್ಲ.

"ಜೀವಮಾನವೆಲ್ಲ ಸೂಜಿ ಕಣ್ಣಲ್ಲೇ ಕಣ್ಣಿಟ್ಟಿದ್ದೀನಿ. ನನ್ನನ್ನೂ ಅಂಗೈ ಅಗಲದಲ್ಲಿ ತೋರಿಸ್ತೀಯಾ? ತೆಗೆ ಆಚೆ! ಗೋಡೆಯಷ್ಟು ದೊಡ್ಡದಾಗಿ ನೋಡ್ಬೇಕು ನಾನು. ಒಂದೇ ಒಂದು ಸಲ."

ಈ ಮಾತು ಹೇಳಿದಾಗ ಅವಳ ಬಾಯಲ್ಲಿ ದಾರ ಇತ್ತು. ಕಿವಿಗೆ ಮಾತ್ರ ಒಂದೊಂದು ಅಕ್ಷರವೂ ಕೇಳಿಸಿತ್ತು. "ಭಾನುವಾರ ತೋರಿಸ್ತೀನಿ ದೊಡ್ಡಮ್ಮ, ನನ್ನ ಮಾತು" ಎಂದು ಅವಳು ಕೈ ಮೇಲೆ ಕೈಯಿಟ್ಟು ಹೇಳಿಬಿಟ್ಟಿದ್ದಳು. ಹಾಗಾಗಿ ಟೀವಿಯವರ ಫೋನು ಬಂದಾಗ ಅವಳಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಟೀವಿಯಲ್ಲಿ ಬಂದರೆ ಜನ ಬರುತ್ತಾರೆ, ಜನ ಬಂದರೆ ಭಾನುವಾರ ಉಳಿಯುತ್ತದೆ.

ಮರುದಿನ ಬೆಳಗ್ಗೆ ಮೆಟ್ಟಿಲ ತುಂಬ ವಯರುಗಳು. ನಿರೂಪಕಿ ಬಂದಳು, ಕ್ಯಾಮೆರಾದವನು ಬಂದ, ಎರಡು ದೀಪ ಬಂದವು. ದೀಪದ ಬಿಸಿಗೆ ಮೊಟ್ಟೆಯ ತಟ್ಟೆಗಳಲ್ಲಿ ಒಂದು ಸುಮ್ಮನೆ ಕಳಚಿ ಬಿತ್ತು. ಅಕ್ಕ ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು, ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು.

"ಹಾಯಾಗಿ ಕೂತ್ಕೊಳೇ" ಎಂದ ಭಾವ.

"ಹಾಯಾಗೇ ಇದ್ದೀನಿ!" ಎಂದಳು ಅಕ್ಕ, ಹಲ್ಲು ಕಚ್ಚಿಕೊಂಡು.

ಟೀವಿಯ ಧ್ವನಿಯವನು ಒಳ್ಳೆಯ ಮನುಷ್ಯ. ಮೂಲೆಯಲ್ಲಿ ಆಸೆಗಣ್ಣಿನಿಂದ ನಿಂತಿದ್ದ ಕಿವಿಯನ್ನು ನೋಡಿ, "ನೀವೂ ನಮ್ಮ ಕಸುಬಿನವರೇ ಅಲ್ವಾ? ಕೇಳ್ತೀರಾ?" ಎಂದು ತನ್ನ ಇನ್ನೊಂದು ಹೆಡ್‌ಫೋನು ಕೊಟ್ಟ. ಯಡವಟ್ಟು ಆದದ್ದು ಅಲ್ಲೇ.

ಯಾಕೆಂದರೆ ಆ ಕಂಪನಿಯಲ್ಲಿ ಒಂದು ನೇಮವಿತ್ತು. ಎಲ್ಲೇ ಚಿತ್ರೀಕರಣವಾಗಲಿ, ಮೊದಲು ಆ ಜಾಗದ ಖಾಲಿ ಸದ್ದನ್ನು ಒಂದು ನಿಮಿಷ ಹಿಡಿದುಕೊಳ್ಳಬೇಕು. ಯಾರೂ ಮಾತಾಡದಿದ್ದರೂ ಪ್ರತಿ ಕೋಣೆಗೂ ಅದರದೇ ಒಂದು ಗುಂಯ್ ಇರುತ್ತದೆ. ಚಿತ್ರ ಕತ್ತರಿಸಿ ಜೋಡಿಸುವಾಗ ಮಾತಿನ ನಡುವಿನ ತೂತುಗಳಿಗೆ ಅದನ್ನೇ ತೇಪೆ ಹಾಕಬೇಕು. ಅದಕ್ಕೆ ಕಿವಿ ಹೆಡ್‌ಫೋನು ಏರಿಸಿದ ಕೂಡಲೇ ಗಟ್ಟಿಯಾಗಿ ಕೂಗುತ್ತಿದ್ದಳು. ಕೂಗಿದರೆ ಮುಗಿಯಿತು, ಇದ್ದವರು ಇದ್ದ ಹಾಗೆಯೇ ನಿಲ್ಲಬೇಕು. ಭಾವ ಅರ್ಧ ಬಂದ ಸೀನನ್ನೂ ನುಂಗುವುದು ಕಲಿತಿದ್ದ. ಮನೆಯಲ್ಲಿ ಗಂಡ ಹೆಂಡಿರ ಜಗಳ ಏರಿದಾಗಲೂ ಅವಳು ಇದೇ ಅಸ್ತ್ರ ಬಿಡುತ್ತಿದ್ದಳು. ನಿಮಿಷ ಮುಗಿಯುವಷ್ಟರಲ್ಲಿ ಯಾವುದಕ್ಕೆ ಜಗಳ ಎಂಬುದೇ ಇಬ್ಬರಿಗೂ ಮರೆತಿರುತ್ತಿತ್ತು. ಒಂದು ವರ್ಷದಲ್ಲಿ ಕೆಳಗಿನ ಹೆಂಗಸರಿಗೂ ಅದು ಚೆನ್ನಾಗಿ ರೂಢಿಯಾಗಿತ್ತು.

ನಿರೂಪಕಿ ಕ್ಯಾಮೆರಾದ ಕಡೆ ತಿರುಗಿ ನಕ್ಕಳು. "ನಮಸ್ಕಾರ ವೀಕ್ಷಕರೇ! ಇಂದು ನಾವು ಒಂದು ಪುಟ್ಟ ಕೋಣೆಯಲ್ಲಿದ್ದೇವೆ. ಆದರೆ ಇಲ್ಲಿರುವ ಕನಸು..."

ಹೆಡ್‌ಫೋನು ಕಿವಿಯ ತಲೆಯ ಮೇಲೆ ಕುಳಿತಿತು. ಗುಂಯ್ ಕೇಳಿಸಿತು. ಅವಳ ಬಾಯಿ ಅವಳನ್ನು ಕೇಳದೆಯೇ ತೆರೆದುಕೊಂಡಿತು.

"ಒಂದು ನಿಮಿಷ! ಯಾರೂ ಅಲುಗಬೇಡಿ!"

ಅಕ್ಕ ಕಲ್ಲಾದಳು. ಭಾವ ಒಂದು ಕಾಲು ಎತ್ತಿದವನು ಎತ್ತಿದಂತೆಯೇ ನಿಂತ. ಯಾರೋ ತೀರಿಕೊಂಡಿರಬೇಕು, ತನಗೆ ಮೊದಲೇ ಹೇಳಿಲ್ಲ ಎಂದುಕೊಂಡ ನಿರೂಪಕಿ ಗಂಭೀರವಾಗಿ ತಲೆ ಬಾಗಿಸಿದಳು. ಅವಳು ಬಾಗಿಸಿದ್ದು ನೋಡಿ ಕ್ಯಾಮೆರಾದವನೂ ಬಾಗಿಸಿದ. ತೆರೆದ ಕಿಟಕಿಯಿಂದ ಕೂಗು ಕೆಳಗಿಳಿದು, ಅಂಗಡಿಯಲ್ಲೂ ಒಂದರ ಹಿಂದೊಂದು ಮಿಷನ್ನುಗಳು ನಿಂತವು.

ಇಡೀ ನಾಡು ನೋಡುವ ಟೀವಿಯಲ್ಲಿ ಸದ್ದು ಸತ್ತುಹೋಯಿತು.

ಮನೆಮನೆಗಳಲ್ಲಿ ಜನ ರಿಮೋಟು ಹುಡುಕಿದರು. ವಾಲ್ಯೂಮು ಏರಿಸಿದರು, ಇನ್ನೂ ಏರಿಸಿದರು. ಆಗ ತೆಳ್ಳಗೆ ಕೇಳಿಸಿತು: ಕೆಳಗೆ ಯಾರೋ ಪೆಡಲಿನಿಂದ ಕಾಲು ತೆಗೆದ ಮೇಲೂ ತನ್ನಷ್ಟಕ್ಕೆ ಸುತ್ತುತ್ತಿರುವ ಮಿಷನ್ನಿನ ಚಕ್ರ. ಟರ್‍ರ್... ಟಕ ಟಕ... ಟಕ್... ಟಕ್. ಎಷ್ಟೋ ಜನ ಉಸಿರು ಬಿಗಿಹಿಡಿದು ಅದು ನಿಲ್ಲುವುದನ್ನೇ ಕಾದರಂತೆ. ಅದು ನಿಂತಿತು. ವಾಲ್ಯೂಮು ಏರಿಸಿಯೇ ಇತ್ತು. ಸರಿಯಾಗಿ ಆ ಹೊತ್ತಿಗೆ, ಕಿಟಕಿಯ ಕೆಳಗಿಂದ, ಗಂಟೆ ಬಾರಿಸಿದ ಹಾಗೆ ದೊಡ್ಡಮ್ಮನ ಗಂಟಲು:

"ಆಯ್ತೇನೇ ಕಿವಿ? ಮದುಮಗನ ಪ್ಯಾಂಟು ಕಣೇ ಇದು, ಮದುವೆಗೆ ಮುಂಚೆ ಕೊಡ್ಬೇಕು!"

ಕಿವಿಗೆ ಆಗ ಎಚ್ಚರವಾಯಿತು. ಹೆಡ್‌ಫೋನು ಕಿತ್ತು ಎದೆಗವಚಿಕೊಂಡು, "ಅಯ್ಯಯ್ಯೋ, ತಪ್ಪಾಯ್ತು, ತಪ್ಪಾಯ್ತು" ಎಂದಳು. ಅದೂ ಪ್ರಸಾರವಾಯಿತು. ಮೊದಲು ನಕ್ಕದ್ದು ಟೀವಿಯ ಧ್ವನಿಯವನು. ಆಮೇಲೆ ನಿರೂಪಕಿ ತಡೆಯಲಾರದೆ ಅಕ್ಕನ ತೋಳು ಹಿಡಿದುಕೊಂಡು ನಕ್ಕಳು. ಅಕ್ಕನೂ ನಕ್ಕಳು, ನಗುತ್ತಲೇ ಹಾಯಾಗಿ ಹಿಂದಕ್ಕೊರಗಿದಳು. ಆಮೇಲೆ ಅವಳ ಮಾತು ನಲ್ಲಿ ಬಿಟ್ಟ ಹಾಗೆ ಹರಿಯಿತು. ದೊಡ್ಡಮ್ಮನ ವಿಚಾರ, ಮಂಡಿ ಸವೆದ ಪ್ಯಾಂಟಿನ ವಿಚಾರ, ಖಾಲಿ ಸದ್ದಿನ ವಿಚಾರ. "ಭಾನುವಾರ ಆ ಆರು ಜನರೂ ತಮ್ಮ ಚಿತ್ರ ಮೊದಲ ಸಲ ನೋಡೋಕೆ ಬರ್ತಿದ್ದಾರೆ" ಎಂದೂ ಹೇಳಿಬಿಟ್ಟಳು. ಭಾನುವಾರ ಉಳಿದರೆ ತಾನೆ, ಎಂದುಕೊಂಡಳು ಕಿವಿ.

ಉಳಿಯದೇ ಏನು! ಮಧ್ಯಾಹ್ನದ ಹೊತ್ತಿಗೆ ಫೋನಿಗೆ ಪುರುಸೊತ್ತಿಲ್ಲ. ಪತ್ರಿಕೆಯವರು ಬಂದರು, ರೇಡಿಯೋದವರು ಬಂದರು, ಬರೀ ದೊಡ್ಡಮ್ಮನನ್ನು ನೋಡಲು ಬಂದವರು ಹರಿಯದ ಅಂಗಿಯನ್ನೂ ಹರಿದುಕೊಂಡು ಬಂದರು. ಬೀದಿಯಲ್ಲಿ ಯಾರು ಯಾರನ್ನು ಕಾಯಿಸಿದರೂ "ಆಯ್ತೇನೇ ಕಿವಿ?" ಎಂಬುದೇ ಮಾತಾಯಿತು. ಭಾವ ಒಂದೊಂದು ಫೋನಿಗೂ "ಕಿವಿ ಅವರು ಬಿಡುವಾಗಿಲ್ಲ, ನಾನು ಅವರ ಭಾವ ಮಾತಾಡ್ತಿದ್ದೀನಿ" ಎಂದು ಗತ್ತಿನಿಂದ ಹೇಳುತ್ತಿದ್ದ. ಸಂಜೆ ಯಜಮಾನರೇ ಮೆಟ್ಟಿಲು ಹತ್ತಿ ಬಂದರು.

"ಭಾನುವಾರದ ಆಟ ನಿಮ್ಮದೇ ಕಣಮ್ಮ. ಬೇಡ ಅಂದ್ರೂ ಬಿಡಲ್ಲ."

ಕಿವಿ ದಡದಡ ಕೆಳಗಿಳಿದು ದೊಡ್ಡಮ್ಮನನ್ನು ಸ್ಟೂಲು ಸಮೇತ ಅಪ್ಪಿಕೊಂಡಳು. "ಸೂಜಿ ಇದೆ, ಸೂಜಿ ಇದೆ!" ಎಂದು ದೊಡ್ಡಮ್ಮ ಬೊಬ್ಬೆ ಹಾಕಿದಳು.

ಭಾನುವಾರ ಚಿತ್ರಮಂದಿರದ ಮುಂದಿನ ಸಾಲು ಬೀದಿಯ ತಿರುವಿನವರೆಗೆ ಹೋಗಿತ್ತು. ಅಕ್ಕನಿಗೆ ಅದನ್ನು ನೋಡಿ ಕಣ್ಣು ತುಂಬಿತು. ಭಾವ ಅದನ್ನು ಚಿತ್ರೀಕರಿಸುತ್ತ ಎರಡು ಸಲ ಎಡವಿದ. ಆಟ ಶುರುವಾಗುವ ಹೊತ್ತಿಗೆ ಆರು ಹೆಂಗಸರು ಬಂದರು. ಇಸ್ತ್ರಿ ಮುರಿಯದ ಬಟ್ಟೆ, ಎಣ್ಣೆ ಹಚ್ಚಿ ಬಾಚಿದ ತಲೆ. ತಡವಾದದ್ದಕ್ಕೆ ಅವರಲ್ಲಿ ಕಿರಿಯಳನ್ನು ಎಲ್ಲರೂ ಬೈಯುತ್ತಿದ್ದರು; ಅವಳ ರವಿಕೆಯ ತೋಳು ಕೊನೇ ಗಳಿಗೆಯಲ್ಲಿ ಬಿಚ್ಚಿಕೊಂಡಿತ್ತಂತೆ.

"ಟಿಕೆಟ್ಟು?" ಎಂದ ಬಾಗಿಲಿನವನು.

ಕಿವಿ ಅಕ್ಕನನ್ನು ನೋಡಿದಳು. ಅಕ್ಕ ಭಾವನನ್ನು ನೋಡಿದಳು. ಭಾವ ಮೇಲೆ ನೋಡಿದ. ಆ ಮಂದಿರದಲ್ಲಿ ಕುರ್ಚಿ ತುಂಬುತ್ತದೆಂದು ಅವರಲ್ಲಿ ಯಾರೂ ಕನಸಿನಲ್ಲೂ ಎಣಿಸಿರಲಿಲ್ಲ. ಆರು ಜಾಗ ಹಿಡಿದಿಡಬೇಕೆಂಬುದು ಯಾರ ತಲೆಗೂ ಹೊಳೆದಿರಲಿಲ್ಲ. ಯಾರಿಗಾಗಿ ಇಷ್ಟೆಲ್ಲ ಆಯಿತೋ ಅವರಿಗೇ ಜಾಗವಿಲ್ಲ.

"ನಿಂತ್ಕೊಂಡು ನೋಡ್ತಾರೆ ಬಿಡಿ" ಎಂದು ಭಾವ ಗೋಗರೆದ.

ಯಜಮಾನರು ಕೈ ಹಿಸುಕಿಕೊಂಡರು. "ನಿಂತವರನ್ನ ಒಳಗೆ ಬಿಟ್ರೆ ಮಂದಿರಕ್ಕೇ ಬೀಗ ಬೀಳುತ್ತಪ್ಪ. ಕುರ್ಚಿ ಇಲ್ಲ ಅಂದ್ರೆ ಇಲ್ಲ. ನಾನೇನು ಹೊಲಿದು ತರಲಾ?"

ದೊಡ್ಡಮ್ಮ ಬಾಗಿಲ ಸಂದಿಯಿಂದ ಒಳಗೆ ಇಣುಕಿದಳು. ಪರದೆಗೂ ಮೊದಲ ಸಾಲಿಗೂ ನಡುವೆ ಬರೀ ನೆಲ ಹರಡಿಕೊಂಡಿತ್ತು.

"ಕೂರೋಕೆ ನಾವೇ ತಂದ್ಕೊಂಡ್ರೆ ಬಿಡ್ತೀರಾ ಸ್ವಾಮಿ?"

ಯಜಮಾನರು ಆ ನೆಲ ನೋಡಿದರು, ದೊಡ್ಡಮ್ಮನನ್ನು ನೋಡಿದರು. "ಬಿಡ್ತೀನಿ. ಆದ್ರೆ ಜನ ಕಾಯ್ತಾರಾ? ಆಟ ಶುರು ಮಾಡದಿದ್ರೆ ಕುರ್ಚಿ ಮುರೀತಾರೆ."

"ಕಾಯಿಸೋದು ನಮ್ಮ ಕಿವಿ ಕೆಲಸ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ದೊಡ್ಡಮ್ಮ ಹೊರಟಳು. ಅಂಗಡಿ ಪಕ್ಕದ ಬೀದಿಯಲ್ಲೇ. ಉಳಿದ ಐವರೂ ಹಿಂದೆ ಬಿದ್ದರು, ಅವರ ಹಿಂದೆ ಪತ್ರಿಕೆಯ ಫೋಟೋದವನು ಏದುಸಿರು ಬಿಡುತ್ತ ಓಡಿದ.

ಜನರ ಮುಂದೆ ನಿಂತು ಮಾತಾಡಿದವಳಲ್ಲ ಕಿವಿ. ಪರದೆಯ ಕೆಳಗೆ ಹೋಗಿ ನಿಂತಳು. ಒಳಗೆ ಗುಸುಗುಸು, ಕೆಮ್ಮು, ಶಿಳ್ಳೆ. ಚೀಲದಿಂದ ಹೆಡ್‌ಫೋನು ತೆಗೆದು ಹಾಕಿಕೊಂಡಳು. ಅದು ತಲೆಗೇರಿದ್ದೇ ಧೈರ್ಯ ತಾನಾಗಿ ಬಂತು.

"ಒಂದು ನಿಮಿಷ! ಯಾರೂ ಅಲುಗಬೇಡಿ!"

ಮಂದಿರ ಗೊಳ್ಳೆಂದು ನಕ್ಕಿತು. ಚಪ್ಪಾಳೆ ಬಿತ್ತು. "ಆಯ್ತೇನೇ ಕಿವಿ?" ಎಂದು ಮೂಲೆಯಿಂದ ಒಬ್ಬ ಕೂಗಿದ. ಅವಳು ಮೈಕು ಎತ್ತಿ ಹಿಡಿದು, ನಿಜವಾಗಿಯೂ ಸದ್ದು ಹಿಡಿಯತೊಡಗಿದ್ದು ಕಂಡಾಗ ನಗು ಕರಗಿತು. ಒಂದೊಂದೇ ಸಾಲು ತಣ್ಣಗಾಯಿತು. ಅಷ್ಟು ಜನ ಸೇರಿ ಸುಮ್ಮನಿರುವ ಸದ್ದು ಕಿವಿಗೆ ಅದುವರೆಗೆ ಸಿಕ್ಕಿರಲಿಲ್ಲ; ಅದಕ್ಕೆ ಎದೆಯಿತ್ತು, ಬಿಸಿಯಿತ್ತು. ನಿಮಿಷ ದಾಟಿತು. ಅವಳು ಕೈ ಇಳಿಸಲಿಲ್ಲ. ಯಾರೂ ಅಲುಗಲಿಲ್ಲ.

ಆಗ ಹೆಡ್‌ಫೋನಿನಲ್ಲಿ ದೂರದಿಂದ ಬಂತು: ಮರದ ಕಾಲು ಮೆಟ್ಟಿಲಿಗೆ ತಾಗಿದ ಠಕ್. ಇನ್ನೊಂದು ಠಕ್. ಬಳೆಯ ಸದ್ದು. "ಮೆಲ್ಲಗೆ ಕಣೇ, ಗೋಡೆಗೆ ತಾಗಿಸ್ಬೇಡ" ಎಂಬ ಪಿಸುಮಾತು. ಬಾಗಿಲು ತೆರೆಯಿತು. ಒಬ್ಬೊಬ್ಬರೂ ತಮ್ಮ ತಮ್ಮ ಮಿಷನ್ನಿನ ಸ್ಟೂಲನ್ನು ಸೊಂಟದ ಮೇಲೆ ಕೂಸಿನಂತೆ ಎತ್ತಿಕೊಂಡು ನಡುದಾರಿಯಲ್ಲಿ ಇಳಿದು ಬಂದರು. ಬಂದು, ಪರದೆಯ ಮುಂದೆ ಅಂಗಡಿಯಲ್ಲಿ ಕೂರುವ ಕ್ರಮದಲ್ಲೇ ಸಾಲಾಗಿ ಇಟ್ಟು ಕುಳಿತರು. ದೊಡ್ಡಮ್ಮ ಕತ್ತೆತ್ತಿ, ತನಗೆ ಸಾಧ್ಯವಿದ್ದಷ್ಟು ಮೆತ್ತಗೆ, ಅಂದರೆ ಇಡೀ ಮಂದಿರಕ್ಕೆ ಕೇಳುವ ಹಾಗೆ ಕೇಳಿದಳು:

"ಆಯ್ತೇನೇ ಕಿವಿ?"

"ಆಯ್ತು ದೊಡ್ಡಮ್ಮ" ಎಂದಳು ಕಿವಿ. ಕೈ ಇಳಿಸಿದಳು.

ದೀಪ ಆರಿತು. ಕಿವಿ ಅವರ ಕಾಲ ಬಳಿ ನೆಲದ ಮೇಲೆಯೇ ಕುಳಿತಳು. ಪರದೆಯ ಮೇಲೆ ಗೋಡೆಯಷ್ಟು ದೊಡ್ಡದಾಗಿ ಒಂದು ಕೈ ಬಂದು, ದಾರ ನೀವಿ, ಸೂಜಿಯ ಕಣ್ಣಿಗೆ ಹಿಡಿಯಿತು. ದೊಡ್ಡಮ್ಮ ತನ್ನ ಮಡಿಲಲ್ಲಿದ್ದ ಕೈಯನ್ನೊಮ್ಮೆ ನೋಡಿಕೊಂಡಳು, ಮತ್ತೆ ಪರದೆ ನೋಡಿದಳು, ಮತ್ತೆ ಕೈ ನೋಡಿಕೊಂಡಳು.

"ಅಯ್ಯೋ ಶಿವನೇ" ಎಂದಳು, "ಉಗುರು ಕತ್ತರಿಸ್ಕೋ ಅಂತ ಒಂದು ಮಾತು ಹೇಳಬಾರದಿತ್ತೇನೇ!"

ಅಷ್ಟರಲ್ಲಿ ಪರದೆಯ ಮೇಲಿನ ಮಿಷನ್ನುಗಳು ಶುರುವಾದವು. ಕಿವಿ ಪಕ್ಕಕ್ಕೆ ನೋಡಿದಳು. ಸ್ಟೂಲುಗಳ ಕೆಳಗೆ, ಕತ್ತಲಲ್ಲಿ, ಹನ್ನೆರಡು ಕಾಲುಗಳೂ, ಅಲ್ಲಿ ಇಲ್ಲದ ಪೆಡಲುಗಳನ್ನು ಅದೇ ಓಟಕ್ಕೆ ತುಳಿಯುತ್ತಿದ್ದವು.